ಕಂಡಕ್ಟರ್ ಅಂಕಲ್ ಮತ್ತು ಒಂದು ಚಮಚ ಹೊಲದ ಮಣ್ಣು

ಕಂಡಕ್ಟರ್ ಅಂಕಲ್ ತೀರಿಕೊಂಡು ಮೂರು ವಾರ ಆಯಿತು. ನನ್ನ ಫೋನಿನಲ್ಲಿ ಅವರದೊಂದು ಫೋಟೋ ಇಲ್ಲ. ಇರುವುದು ಹದಿನಾಲ್ಕು ವಾಯ್ಸ್ ಮೆಸೇಜು. ಹದಿನಾಲ್ಕರಲ್ಲೂ ನನ್ನನ್ನು ಬೈದಿದ್ದಾರೆ. ಹದಿಮೂರು ಮಣ್ಣಿನ ವಿಷಯಕ್ಕೆ. ಇನ್ನೊಂದು ನಾನು ಕಸದ ಗಾಡಿಯವರ ಹತ್ತಿರ ಜಗಳ ಆಡಿದ್ದಕ್ಕೆ ಅಂತ ಶುರುವಾಗುತ್ತದೆ, ಅರ್ಧ ನಿಮಿಷದಲ್ಲಿ ಅದೂ ಮಣ್ಣಿಗೇ ಬಂದು ನಿಲ್ಲುತ್ತದೆ.

ಹೆಸರು ಬರೆಯುವುದಿಲ್ಲ. ನಮ್ಮ ರಸ್ತೆಯವರಿಗೆ ಹೆಸರಿಲ್ಲದೆಯೇ ಗೊತ್ತಾಗುತ್ತದೆ, ಮಿಕ್ಕವರಿಗೆ ಗೊತ್ತಾಗಿ ಆಗಬೇಕಾದ್ದು ಏನೂ ಇಲ್ಲ.

ಬಸವೇಶ್ವರನಗರದಲ್ಲಿ ನಮ್ಮ ಪಕ್ಕದ ಕಟ್ಟಡದ ಮೊದಲ ಮಹಡಿ ಅವರದು. ಮೂವತ್ತೊಂದು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು, ಅದರಲ್ಲಿ ಬಹುಪಾಲು ಮಾಗಡಿ ರೋಡಿನಲ್ಲೇ ಓಡಾಡಿದವರು. ತೆಳ್ಳಗೆ, ಉದ್ದಕ್ಕೆ ಇದ್ದರು. ಮನೆಯ ಹಾಲಿನಲ್ಲಿ ನಿಂತಾಗಲೂ ಈಗಲೋ ಆಗಲೋ ಬ್ರೇಕ್ ಬೀಳುತ್ತದೆ ಎನ್ನುವ ಹಾಗೆ ಕಾಲು ಅಗಲಿಸಿ ನಿಲ್ಲುತ್ತಿದ್ದರು. ಮಾತಾಡುವಾಗ ಎಡಗೈಯ ಬೆರಳುಗಳ ಮಧ್ಯೆ ಇಲ್ಲದ ನೋಟುಗಳನ್ನು ಉದ್ದುದ್ದ ಮಡಿಸುತ್ತಿದ್ದರು.

ನಿವೃತ್ತಿಯ ದಿನ ಡಿಪೋದಲ್ಲಿ ಯಾರೋ ಅವರಿಗೆ ಒಂದು ಸಕ್ಯುಲೆಂಟ್ ಗಿಡ ಕೊಟ್ಟರಂತೆ. ದಪ್ಪ ದಪ್ಪ ಎಲೆಯೊಳಗೆ ನೀರು ತುಂಬಿಕೊಂಡು ಕಳ್ಳಿಯ ಚಿಕ್ಕಮ್ಮನ ಮಗಳ ಹಾಗೆ ಕೂತಿರುತ್ತದಲ್ಲ, ಆ ಜಾತಿ. ಹದಿನೈದು ದಿನಕ್ಕೆ ಅದು ಕೊಳೆತು ಸತ್ತಿತು.

"ಮೂವತ್ತೊಂದ್ ವರ್ಷ ಸರ್ವೀಸಲ್ಲಿ ನನ್ ಬಸ್ಸಲ್ಲಿ ಒಂದ್ ಜನ ಸತ್ತಿಲ್ಲ ಕಣಮ್ಮ," ಅಂತ ಎದೆ ಮುಟ್ಟಿಕೊಂಡು ಹೇಳುತ್ತಿದ್ದರು. "ಮನೆಗ್ ಬಂದ್ ಹದಿನೈದ್ ದಿನಕ್ಕೆ ಒಂದ್ ಜೀವ ಹೋಯ್ತು. ಯಾಕ್ ಹೋಯ್ತು? ಮಣ್ಣು! ಮಣ್ಣು ಸರಿ ಇರ್ಲಿಲ್ಲ."

ಅಲ್ಲಿಂದ ಹಿಡಿದುಕೊಂಡಿದ್ದು, ಸಾಯುವವರೆಗೆ ಬಿಡಲಿಲ್ಲ.

ನನಗೆ ಪರಿಚಯ ಆದದ್ದೂ ಒಂದು ಸಾವಿನಿಂದಲೇ. ನಾನು ನರ್ಸರಿಯಿಂದ ಒಂದು ಸಕ್ಯುಲೆಂಟ್ ತಂದು, ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ, ಅದರ ಮೇಲೆ ಟೀ ಸೊಪ್ಪಿನ ಚರಟ ಎಲ್ಲ ಹಾಕಿ, ಮಗುವಿಗೆ ಹಾಲು ಕುಡಿಸುವ ಹಾಗೆ ದಿನಾ ನೀರು ಹಾಕಿ ಬೆಳೆಸುತ್ತಿದ್ದೆ. ಒಂದು ದಿನ ಬುಡ ಮುಟ್ಟಿದರೆ ಲೊಳಕ್ ಅಂದಿತು. ಕಾಂಪೌಂಡಿನ ಆಚೆಯಿಂದ ಒಂದು ತಲೆ ಕಾಣಿಸಿತು.

"ಕೊಂದ್ಬಿಟ್ರಾ?"

"ಏನಿಲ್ಲ ಅಂಕಲ್, ಸ್ವಲ್ಪ ಡಲ್ಲಾಗಿದೆ."

"ಡಲ್ಲಲ್ಲಮ್ಮ ಅದು, ಡೆತ್ತು. ತನ್ನಿ ಇಲ್ಲಿ. ಪೋಸ್ಟ್ ಮಾರ್ಟಮ್ ಮಾಡ್ತೀನಿ."

ಮಾಡಿಯೇ ಮಾಡಿದರು. ಪೇಪರ್ ಹಾಸಿ, ಕುಂಡವನ್ನು ಬೋರಲು ಹಾಕಿ, ಕೊಳೆತ ಬೇರನ್ನು ಹೇರ್‌ಪಿನ್ನಿನಲ್ಲಿ ಬಿಡಿಸಿ ತೋರಿಸಿದರು. ಆಮೇಲೆ ಅವರು ಹೇಳಿದ ಪಾಠವನ್ನು ನಾನು ಇವತ್ತಿಗೂ ಮರೆತಿಲ್ಲ. ಕೃಷಿ ವಿಜ್ಞಾನಿಗಳು ಕೂಡ ಇಷ್ಟು ಸಲೀಸಾಗಿ ಹೇಳಲಾರರು.

"ನೋಡಮ್ಮ, ಕುಂಡ ಅಂದ್ರೆ ಬಸ್ಸು. ನೀರು ಅಂದ್ರೆ ಪ್ಯಾಸೆಂಜರ್. ಹತ್ಬೇಕು, ಓಡಾಡ್ಬೇಕು, ಇಳೀಬೇಕು. ನಿಮ್ಮ ಈ ಕೆಂಪು ಮಣ್ಣು, ಗೊಬ್ಬರ ಇದೆಯಲ್ಲ, ಇದು ಬೆಳಿಗ್ಗೆ ಒಂಬತ್ತು ಗಂಟೆ ಬಸ್ಸು. ಹತ್ತಿದೋನು ಇಳಿಯಂಗಿಲ್ಲ. ಬೇರಿಗೆ ಉಸಿರು ಬೇಡ್ವಾ? ಈ ಗಿಡಕ್ಕೆ ಮಧ್ಯಾಹ್ನ ಮೂರು ಗಂಟೆ ಬಸ್ಸು ಬೇಕು. ಅರ್ಧ ಸೀಟು ಖಾಲಿ, ಕಿಟಕಿ ಎಲ್ಲಾ ಓಪನ್."

"ಹಾಗಾದ್ರೆ ಏನ್ ಹಾಕ್ಬೇಕು ಅಂಕಲ್?"

"ಹಸಿದ ಮಣ್ಣು ಹಾಕ್ಬೇಕು. ಕೊಬ್ಬಿದ ಮಣ್ಣಲ್ಲ."

ಹಸಿದ ಮಣ್ಣು ಅಂಗಡಿಯಲ್ಲಿ ಸಿಗುವುದಿಲ್ಲ, ಅವರೇ ಮಾಡುತ್ತಿದ್ದರು. ಕಾಮಾಕ್ಷಿಪಾಳ್ಯದಲ್ಲಿ ಎರಕದ ಕೆಲಸ ಮಾಡುವ ಒಂದು ಸಣ್ಣ ಶೆಡ್ಡಿನಿಂದ ಒಲೆಯ ಕಿಟ್ಟ ತರುತ್ತಿದ್ದರು, ತೂತು ತೂತಾಗಿ ಹಗುರಾಗಿರುವ ಸುಟ್ಟ ಕಲ್ಲಿದ್ದಲು. ರಾಜಾಜಿನಗರದಲ್ಲಿ ಯಾವ ಹಳೇ ಮನೆ ಒಡೆಯುತ್ತಿದ್ದರೂ ಅಲ್ಲಿ ಹಾಜರಾಗಿ ಇಟ್ಟಿಗೆ ಚೂರು, ಹೆಂಚಿನ ಚೂರು ಆರಿಸುತ್ತಿದ್ದರು. ಮನೆಯವರು ಹೊರಗೆ ನಿಂತು ಕಣ್ಣೀರು ಹಾಕುತ್ತಿದ್ದರೆ ಇವರು ಹೋಗಿ, "ಅಳ್ಬೇಡಿ ಸಾರ್. ನಿಮ್ಮ ಅಡಿಗೆ ಮನೆ ಇಟ್ಟಿಗೆ ಫಸ್ಟ್ ಕ್ಲಾಸಾಗಿದೆ, ಎರಡು ಬಕೆಟ್ ತಗೊಳ್ಲಾ?" ಅಂತ ಕೇಳಿದ್ದನ್ನು ನಾನೇ ನೋಡಿದ್ದೇನೆ. ಆ ಮನುಷ್ಯ ಅಳು ನಿಲ್ಲಿಸಿ, ಹೆಮ್ಮೆಯಿಂದ, ಮೂರು ಬಕೆಟ್ ತಗೊಳ್ಳಿ ಅಂದ. ಅವರ ಟೆರೇಸಿನ ಮೇಲೆ ಹೋದರೆ ಹೀಗೆ ಪರಿಚಯ ಮಾಡಿಸುತ್ತಿದ್ದರು: "ಇದ್ರಲ್ಲಿರೋದು ಡಾಕ್ಟ್ರ ಮನೆ ವರಾಂಡ. ಇದ್ರಲ್ಲಿ ಆ ಟೀಚರಮ್ಮನ ಬಚ್ಚಲ ಗೋಡೆ. ಬಚ್ಚಲು ಇಟ್ಟಿಗೆ ಆಗಲ್ಲ, ಉಪ್ಪು ಜಾಸ್ತಿ. ಆದ್ರೂ ಅವ್ರು ಬೇಜಾರ್ ಮಾಡ್ಕೊತಾರೆ ಅಂತ ತಂದೆ."

ಇವನ್ನೆಲ್ಲ ಕುಟ್ಟಿ ಜರಡಿ ಹಿಡಿಯಬೇಕು. ಜರಡಿ ಆಂಟಿಯದು, ಅಂದರೆ ಅವರ ಹೆಂಡತಿಯದು. ಆ ಮನೆಯಲ್ಲಿ ಎರಡು ವರ್ಷ ರಾಗಿ ಹಿಟ್ಟು ಕರಕರ ಅಂದಿತು, ಕಾರಣ ಯಾರಿಗೂ ಹೊಳೆಯಲಿಲ್ಲ. ಆಮೇಲೆ ಮಣ್ಣಿನ ಹುಳ ಸಾಯಲಿ ಅಂತ ಒಂದು ದಿನ ಕುಕ್ಕರಿನಲ್ಲಿ ಮಣ್ಣು ಬೇಯಿಸಿದರು. ಆಂಟಿ ಪಕ್ಕದ ಒಲೆಯಲ್ಲಿ ಬೇಳೆ ಇಟ್ಟಿದ್ದರು. ಯಾವ ಕುಕ್ಕರ್ ಎಷ್ಟು ಕೂಗಿತು ಅನ್ನುವ ಲೆಕ್ಕ ತಪ್ಪಿ, ಬೇಳೆ ಅರೆಬೆಂದು, ಮಣ್ಣು ಹದವಾಗಿ ಬೆಂದಿತು. ಆಂಟಿ ಕಿಟಕಿಯಿಂದ ಇಡೀ ರಸ್ತೆಗೆ ಕೇಳುವ ಹಾಗೆ, "ಇವತ್ತಿಂದ ಇವರಿಗೆ ಮಣ್ಣೇ ಬಡಿಸ್ತೀನಿ, ಬೆಂದಿದೆ!" ಅಂದರು.

ಇನ್ನು ಅವರ ಪರೀಕ್ಷೆ. ತಯಾರಾದ ಕುಂಡಕ್ಕೆ ಒಂದು ಲೋಟ ನೀರು ಸುರಿದು, ಆ ಕ್ಷಣದಿಂದ ಬಸ್ಸಿನ ದನಿಯಲ್ಲಿ ಸ್ಟಾಪು ಕೂಗುತ್ತಿದ್ದರು. "ಟೋಲ್ ಗೇಟ್... ಹೌಸಿಂಗ್ ಬೋರ್ಡ್... ಕಾಮಾಕ್ಷಿಪಾಳ್ಯ..." ಕಾಮಾಕ್ಷಿಪಾಳ್ಯ ಬರುವಷ್ಟರಲ್ಲಿ ಕುಂಡದ ತಳದ ತೂತಿನಿಂದ ನೀರು ಇಳಿಯಬೇಕು. ಸುಮನಹಳ್ಳಿಗೆ ಇಳಿದರೆ ಸುಮಾರು ಮಣ್ಣು. ಕೊಟ್ಟಿಗೆಪಾಳ್ಯ ಆದರೆ ಇಟ್ಟಿಗೆ ಚೂರು ಜಾಸ್ತಿ ಮಾಡಬೇಕು. ಸುಂಕದಕಟ್ಟೆ ತಲುಪಿದರೂ ನೀರು ಬರಲಿಲ್ಲವೆಂದರೆ ಗಿಡದ ಕಡೆ ನೋಡಿ ಕೈ ಮುಗಿಯುತ್ತಿದ್ದರು. ನನ್ನ ಹಳೇ ಮಣ್ಣನ್ನು ಪರೀಕ್ಷೆ ಮಾಡಿದಾಗ ಸುಂಕದಕಟ್ಟೆ ದಾಟಿ, ಬ್ಯಾಡರಹಳ್ಳಿ ದಾಟಿ, ಮಾಗಡಿ ಊರೊಳಗೆ ಹೋಗಿ ಬಸ್ಸು ನಿಂತು ಡ್ರೈವರ್ ಟೀ ಕುಡಿದರೂ ಒಂದು ಹನಿ ಬರಲಿಲ್ಲ.

ತಮಾಷೆ ಅನ್ನಿಸುತ್ತದೆ, ಆದರೆ ಜೊತೆಗೆ ಬದುಕುವವರಿಗೆ ಇವರು ಸಿಕ್ಕಾಪಟ್ಟೆ ಕಿರಿಕಿರಿ. ಸತ್ತರು ಅನ್ನುವ ಕಾರಣಕ್ಕೆ ಸುಳ್ಳು ಬರೆಯಲು ನನಗೆ ಬರುವುದಿಲ್ಲ. ಹಲ್ಲಿನ ಡಾಕ್ಟರ ಹತ್ತಿರ ಹೋದವರು, ಬಾಯಿ ಅರ್ಧ ಮರಗಟ್ಟಿರುವಾಗಲೇ ರಿಸೆಪ್ಷನ್ನಿನ ಗಿಡ ಕಿತ್ತು ಟೇಬಲ್ ಮೇಲೆ ಹಾಕಿದ್ದರು. ಪಾಪ, ಆ ಹುಡುಗಿಗೆ ಇವರು ಏನು ಬೈಯುತ್ತಿದ್ದಾರೆ ಅಂತಲೂ ತಿಳಿಯಲಿಲ್ಲ. ಟೆರೇಸ್ ತೋಟದವರ ವಾಟ್ಸಾಪ್ ಗುಂಪಿನಿಂದ ಇವರನ್ನು ನಾಲ್ಕು ಸಲ ತೆಗೆದಿದ್ದರು. ನಾಲ್ಕನೇ ಸಲ ತೆಗೆದದ್ದು ಅಡ್ಮಿನ್ ಅಮ್ಮನ ಹುಟ್ಟುಹಬ್ಬದ ಫೋಟೋ ಕೆಳಗೆ "ಹಿಂದೆ ಇರೋ ಕುಂಡದಲ್ಲಿ ಕೆಸರು" ಅಂತ ಬರೆದದ್ದಕ್ಕೆ.

"ಗಿಡದ ಮೇಲೆ ಪ್ರೀತಿ ಇದ್ರೆ ಸಾಕು ಅಂತಾರಲ್ಲ ಅಂಕಲ್," ಅಂತ ಒಮ್ಮೆ ಕೆಣಕಿದ್ದೆ.

"ಪ್ರೀತಿ ಮಾಡೋರೇ ನೀರ್ ಹಾಕಿ ಹಾಕಿ ಸಾಯಿಸೋದು. ಗಿಡಕ್ಕೆ ಪ್ರೀತಿ ಬೇಡ, ಗಾಳಿ ಬೇಕು."

ಇಂಥ ಮನುಷ್ಯನಿಗೆ ಒಬ್ಬಳೇ ಮಗಳು, ರೂಪಾ. ವಿಜಯನಗರದ ಒಂದು ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟು. ಐದು ವರ್ಷದ ಹಿಂದೆ, ಅವಳಿಗೆ ಇಪ್ಪತ್ತೊಂಬತ್ತು ಆಗಿದ್ದಾಗ, ಹರೀಶ ಅನ್ನುವ ಕಾಲೇಜು ಲೆಕ್ಚರರ್ ಒಬ್ಬನನ್ನು ಮೆಚ್ಚಿಕೊಂಡಳು. ಮಲ್ಲತ್ತಹಳ್ಳಿಯವರು. ಲೇಔಟ್ ಆಗುವ ಮುಂಚೆ ಅಲ್ಲಿ ಹೊಲ ಉಳುತ್ತಿದ್ದ ಹಳೇ ಊರಿನ ಮನೆತನ, ಈಗ ಮೂರು ಮಹಡಿ ಕಟ್ಟಿ ಎರಡನ್ನು ಬಾಡಿಗೆಗೆ ಕೊಟ್ಟಿದ್ದಾರೆ. ಹುಡುಗ ಹುಡುಗಿ ಒಪ್ಪಿ ಆಗಿತ್ತು. ಹುಡುಗನ ತಂದೆ ಇಲ್ಲ, ತಾಯಿ ಗೌರಮ್ಮನವರದ್ದೇ ಮನೆಯಲ್ಲಿ ಮಾತು. ಇನ್ನು ಉಳಿದದ್ದು ಹೆಣ್ಣಿನ ಕಡೆಯವರು ಹೋಗಿ ಗಂಡಿನ ಮನೆ ನೋಡಿ, ತಾಂಬೂಲ ಬದಲಾಯಿಸಿಕೊಂಡು ಬರುವ ಶಾಸ್ತ್ರ. ಶಾಸ್ತ್ರದ ಪ್ರಕಾರ ಹುಡುಗಿ ಹೋಗುವ ಹಾಗಿಲ್ಲ. ಅದೇ ತೊಂದರೆ ಆಗಿದ್ದು.

ಹೊರಡುವ ದಿನ ಬೆಳಿಗ್ಗೆ ರೂಪಾ ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ ಎದುರು ನಿಂತಳು. ನಾನೂ ಇದ್ದೆ.

"ಅಪ್ಪಾ, ಅಲ್ಲಿ ಗಿಡ ಇರುತ್ತೆ. ನೀವು ನೋಡ್ಬಾರ್ದು."

"ನೋಡದೆ ಹೆಂಗಿರ್ಲಿ? ಕಣ್ ಮುಚ್ಕೊಂಡ್ ಹೋಗ್ಲಾ?"

"ನೋಡಿದ್ರೂ ಮಾತಾಡ್ಬಾರ್ದು. ಮುಟ್ಬಾರ್ದು. ನನ್ ಮದ್ವೆ ಅಪ್ಪಾ ಇದು."

"ಆಯ್ತು ಕಣೇ. ನಾನೇನ್ ಚಿಕ್ಕ ಮಗೂನಾ?"

ರೂಪಾ ನನ್ನನ್ನು ಅಡಿಗೆಮನೆಗೆ ಕರೆದು, "ಅಕ್ಕಾ, ಅಪ್ಪನಿಗೂ ಗಿಡಕ್ಕೂ ಮಧ್ಯೆ ನೀವ್ ಕೂತ್ಕೊಳಿ," ಅಂದಳು. ಹೀಗೆ ಆ ಶಾಸ್ತ್ರಕ್ಕೆ ನಾನು ಹೋದದ್ದು ಅಡ್ಡಗೋಡೆಯಾಗಿ.

ಗೌರಮ್ಮನವರ ಮನೆಯದು ಗ್ರಾನೈಟ್ ನೆಲ, ಅದರ ಮೇಲೆ ದೊಡ್ಡ ಸೋಫಾ. ಎದುರಿನ ಟೀಪಾಯಿಯ ಸರಿಯಾಗಿ ನಡುವೆ, ರಾಗಿ ಅಳೆಯುವ ಹಿತ್ತಾಳೆ ಸೇರಿನೊಳಗೆ, ಒಂದು ಸಕ್ಯುಲೆಂಟ್. ಜೇಡ್ ಅಂತಾರಲ್ಲ, ಕಾಸಿನಗಲ ದಪ್ಪ ಎಲೆಯದು. ಮಣ್ಣು ಕಪ್ಪಗೆ, ತೊಪ್ಪೆಯಾಗಿ, ಮೇಲೆ ಹಸಿರು ಪಾಚಿ ಕಟ್ಟಿತ್ತು. ಅಡ್ಡ ಕೂರಲು ಜಾಗವೇ ಇಲ್ಲ. ಟೀಪಾಯಿಯ ಮೇಲೆ ನಾನು ಕೂರುವುದಕ್ಕಾಗುತ್ತದೆಯೇ?

ಅಂಕಲ್ ಒಂದು ಸಲ ನೋಡಿ ಮುಖ ತಿರುಗಿಸಿ ಫ್ಯಾನ್ ನೋಡತೊಡಗಿದರು. ಹುಡುಗನ ಸೋದರಮಾವ ಕಲ್ಯಾಣ ಮಂಟಪದ ಮಾತು ತೆಗೆದರು. ಅಂಕಲ್ ಫ್ಯಾನಿಗೆ ಉತ್ತರ ಕೊಟ್ಟರು. ಎಷ್ಟು ಜನ ಬರುತ್ತಾರೆ ಅಂತ ಸೋದರಮಾವ ಕೇಳಿದರು. ಅಂಕಲ್ ಫ್ಯಾನ್ ನೋಡಿಕೊಂಡೇ ನಾನೂರು ಅಂದರು. ಸೋದರಮಾವನೂ ಒಮ್ಮೆ ಫ್ಯಾನ್ ನೋಡಿ, ಏನೂ ಕಾಣದೆ, "ಜೋರ್ ಮಾಡ್ಲಾ?" ಅಂತ ಕೇಳಿದರು.

ಅಷ್ಟರಲ್ಲಿ ಗೌರಮ್ಮ ಒಂದು ಚೊಂಬು ನೀರು ಹಿಡಿದು ಬಂದರು. ಕುಡಿಯಲು ಅಂದುಕೊಂಡೆ. ಅವರು ನೇರ ಟೀಪಾಯಿಯ ಹತ್ತಿರ ಹೋಗಿ, ನಮ್ಮ ಕಡೆ ನಕ್ಕು, ಅಷ್ಟನ್ನೂ ಗಿಡಕ್ಕೆ ಸುರಿದರು.

"ದಿನಾ ಮೂರ್ ಹೊತ್ತು ನಾನೇ ಹಾಕ್ತೀನಿ. ಬೇರೆ ಯಾರ್‌ಗೂ ಮುಟ್ಟಾಕ್ ಬಿಡಾಕಿಲ್ಲ," ಅಂದು ಕಾಫಿ ತರಲು ಒಳಗೆ ಹೋದರು.

ನನ್ನ ಪಕ್ಕದಲ್ಲಿ ಸಣ್ಣ ದನಿ ಕೇಳಿಸಿತು. "ಟೋಲ್ ಗೇಟ್... ಹೌಸಿಂಗ್ ಬೋರ್ಡ್..."

"ಅಂಕಲ್, ಬೇಡ," ಅಂದೆ.

"ಕಾಮಾಕ್ಷಿಪಾಳ್ಯ... ಸುಮನಹಳ್ಳಿ..."

ಆಂಟಿ ಆಚೆಯಿಂದ ತೊಡೆಗೆ ಚಿವುಟಿದರು. ಹಿತ್ತಾಳೆ ಸೇರಿಗೆ ತಳದಲ್ಲಿ ತೂತು ಎಲ್ಲಿಂದ ಬರಬೇಕು? ಬಸ್ಸು ಸುಂಕದಕಟ್ಟೆ ದಾಟಿತು, ಬ್ಯಾಡರಹಳ್ಳಿ ದಾಟಿತು. ತಾವರೆಕೆರೆ ಹತ್ತಿರ ಬರುವಾಗ ಅವರ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. "ಹೆಣ್ಣಿನ್ ಕಡೆಯಿಂದ ಏನಾದ್ರೂ ಕೇಳೋದಿದ್ರೆ ಕೇಳ್ಬಿಡಿ," ಅಂತ ಸೋದರಮಾವ ಮರ್ಯಾದೆಗೆ ಅಂದದ್ದೇ ತಡ, ಅಂಕಲ್ ಎದ್ದು ನಿಂತರು.

"ಈ ಮಣ್ಣು ಎಲ್ಲಿಂದ ತಂದ್ರಿ?"

ಕೇಳಿದ್ದಷ್ಟೇ ಆಗಿದ್ದರೆ ಹೇಗೋ ನಗಿಸಿ ಮುಗಿಸುತ್ತಿದ್ದೆ. ಕೇಳುತ್ತಾ ಕೇಳುತ್ತಾ ಕೈ ಹಾಕಿ ಗಿಡವನ್ನು ಬುಡಸಮೇತ ಎತ್ತಿದರು. ಬೇರು ಕಂದಾಗಿ ನಾರುತ್ತಿತ್ತು. ಕೆಸರು ಹಾಕಲು ಜಾಗ ಹುಡುಕಿದರು. ತಾಂಬೂಲಕ್ಕೆ ಅಂತ ತೊಳೆದು ಇಟ್ಟಿದ್ದ ದೊಡ್ಡ ತಟ್ಟೆ ಕಾಣಿಸಿತು. ಹಚ್ಚಿದ ಅರಿಶಿನ ಕುಂಕುಮದ ಮೇಲೆ ಅಷ್ಟೂ ಕೆಸರನ್ನು ಕೊಡವಿದರು. ನಮ್ಮ ಕಡೆಯ ತೆಂಗಿನಕಾಯಿ ಆಂಟಿಯ ತೊಡೆಯ ಮೇಲಿಂದ ಉರುಳಿ ಸೋಫಾದ ಕೆಳಗೆ ಹೋಯಿತು.

ಗೌರಮ್ಮ ಕಾಫಿಯ ಟ್ರೇ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಅದು ನಮ್ ಹೊಲದ್ ಮಣ್ಣು," ಅಂದರು.

ಅವರು ಟ್ರೇ ಇಟ್ಟು, ಒಂದೊಂದೇ ಮಾತಾಗಿ ಹೇಳಿದರು. ಕೆರೆ ಪಕ್ಕದ ಹೊಲ ಲೇಔಟಿಗೆ ಹೋಗುವ ಮುಂಚೆ ಅಲ್ಲಿಂದ ಒಂದು ಚೀಲ ಮಣ್ಣು ತುಂಬಿ ಇಟ್ಟುಕೊಂಡಿದ್ದರಂತೆ. ಮನೆ ಕಟ್ಟುವಾಗ ಪಾಯಕ್ಕೆ ಒಂದಿಷ್ಟು ಹಾಕಿ, ಉಳಿದದ್ದು ಈ ಸೇರಿನಲ್ಲಿ ಇದ್ದಷ್ಟೇ. "ನಿಮ್ ಮಗ್ಳು ಕೊಟ್ಟಿದ್ ಗಿಡ ಅಂತ ಹರೀಶ ತಂದ. ಸೊಸೆ ಕಳ್ಸಿರೋ ಮೊದ್ಲನೇ ವಸ್ತು, ಅದನ್ನ ಕಂಡೋರ್ ಮಣ್ಣಲ್ಲಿ ಯಾಕ್ ಇಡ್ಬೇಕು ಅಂತ, ಇರೋ ಒಳ್ಳೇ ಮಣ್ಣೆಲ್ಲಾ ಹಾಕ್ದೆ. ನಮ್ಮತ್ತೆ ರಾಗಿ ಅಳೀತಿದ್ದ ಸೇರು ಅದು."

ಅಂದರೆ ಗಿಡ ಅಂಕಲ್ ಟೆರೇಸಿನದೇ. ರೂಪಾ ಬೆಳಿಗ್ಗೆ ಅಷ್ಟು ಒತ್ತಿ ಹೇಳಿದ್ದು ಯಾಕೆ ಅಂತ ಆಗ ನನಗೆ ತಿಳಿಯಿತು.

ಇಲ್ಲಿ ಯಾರಾದರೂ ಬುದ್ಧಿ ಇರುವವರು ಗೌರಮ್ಮನ ಕಾಲು ಹಿಡಿಯುತ್ತಿದ್ದರು. ಅಂಕಲ್ ತಟ್ಟೆಯಿಂದ ಒಂದು ಚಿಟಿಕೆ ಮಣ್ಣು ತೆಗೆದು, ಹೆಬ್ಬೆರಳಲ್ಲಿ ತಿಕ್ಕಿ, ಮೂಸಿ ನೋಡಿ, ನಿಜವಾದ ಗೌರವದಿಂದ ಹೇಳಿದರು:

"ಅಮ್ಮಾ, ಒಳ್ಳೇ ಮಣ್ಣು. ಬಾಳ ಒಳ್ಳೇ ಮಣ್ಣು. ಅದಕ್ಕೇ ಈ ಗಿಡ ಸಾಯ್ತಾ ಇರೋದು."

"ಏನಂದ್ರಿ? ನಾಕ್ ತಲೆಮಾರಿಗೆ ಊಟ ಹಾಕಿರೋ ಮಣ್ಣು ಕಣಣ್ಣಾ ಅದು!"

"ಅದೇ ನಾನೂ ಹೇಳ್ತಿರೋದು. ಊಟ ಹಾಕೋ ಮಣ್ಣು. ಇದು ಊಟ ಮಾಡೋ ಗಿಡ ಅಲ್ಲ."

"ನಮ್ಮ ಮಣ್ಣು ಕೊಲ್ತದೆ ಅಂತ ನಮ್ ಮನೇಲೇ ನಿಂತ್ಕೊಂಡ್ ಹೇಳ್ತೀರಲ್ಲ!"

ಸೋದರಮಾವ ಎದ್ದು ಪಂಚೆ ಸರಿ ಮಾಡಿಕೊಂಡರು. "ಇವತ್ತಿಗ್ ಇಷ್ಟ್ ಸಾಕು. ನಾವು ಯೋಚ್ನೆ ಮಾಡಿ ಹೇಳ್ತೀವಿ."

ಗಂಡು ಹೆಣ್ಣಿನ ಮಾತುಕತೆಯಲ್ಲಿ ಇದರ ಅರ್ಥ ಎಲ್ಲರಿಗೂ ಗೊತ್ತು. ಕಾಫಿ ಕುಡಿಯಲಿಲ್ಲ. ತೆಂಗಿನಕಾಯಿ ಕೂಡ ಅಲ್ಲೇ ಸೋಫಾದ ಕೆಳಗೆ ಉಳಿಯಿತು. ಆಟೋದಲ್ಲಿ ನಾಗರಬಾವಿ ದಾಟಿದ ಮೇಲೆ ನೋಡುತ್ತೇನೆ, ಅಂಕಲ್ ಕೈಯಲ್ಲಿ ಕರ್ಚೀಫಿನಲ್ಲಿ ಸುತ್ತಿದ ಗಿಡ.

"ಅದನ್ಯಾಕ್ರೀ ತಂದ್ರಿ?" ಅಂತ ಆಂಟಿ ಅಳುತ್ತಲೇ ಕಿರುಚಿದರು.

"ಅಲ್ಲೇ ಬಿಟ್ರೆ ಸಾಯಲ್ವಾ?"

"ಮಗಳ ಮದ್ವೆ ಸತ್ತೋಯ್ತಲ್ರೀ!"

ಅಂಕಲ್ ಕರ್ಚೀಫನ್ನು ಇನ್ನೊಂದು ಸುತ್ತು ಬಿಗಿಯಾಗಿ ಸುತ್ತಿದರು.

ರೂಪಾ ಅತ್ತು ರಂಪ ಮಾಡಲಿಲ್ಲ. ಅಪ್ಪನ ಜೊತೆ ಮಾತು ಬಿಟ್ಟಳು, ಅಷ್ಟೇ. ಅವಳು ಬಂದರೆ ಇವರು ಟೆರೇಸಿಗೆ, ಇವರು ಇಳಿದರೆ ಅವಳು ಕ್ಲಿನಿಕ್ಕಿಗೆ. ಮಲ್ಲತ್ತಹಳ್ಳಿಯಿಂದ ಫೋನ್ ಬರಲಿಲ್ಲ. ಹರೀಶ ಮಾತ್ರ ರೂಪಾಗೆ ಫೋನ್ ಮಾಡುತ್ತಿದ್ದ, ಆದರೆ ಅಮ್ಮನನ್ನು ಬಿಟ್ಟು ಬರುವ ಹುಡುಗ ಅವನಲ್ಲ. ಬರಲಿ ಅಂತ ಇವಳೂ ಹೇಳುವವಳಲ್ಲ.

ಆ ದಿನಗಳಲ್ಲಿ ಅಂಕಲ್ ಮಾಡಿದ್ದು ಒಂದೇ ಕೆಲಸ. ಗಿಡದ ಕೊಳೆತ ಭಾಗವನ್ನೆಲ್ಲ ಕತ್ತರಿಸಿ, ಚೆನ್ನಾಗಿದ್ದ ಒಂದು ಕೊಂಬೆಯನ್ನು ಪೇಪರಿನ ಮೇಲಿಟ್ಟು ಗಾಯ ಒಣಗಿಸಿದರು. ಕರ್ಚೀಫು ಬಿಚ್ಚಿ, ಅಂಟಿದ್ದ ಹೊಲದ ಮಣ್ಣನ್ನು ಉಗುರಿನಲ್ಲಿ ಕೆರೆದು ಕೂಡಿಸಿದರು. ಮೂರು ಚಮಚ ಆಯಿತು. ಒಂದು ವಾರ ಕಳೆದು ಕಾಂಪೌಂಡಿನ ಹತ್ತಿರ ನನ್ನನ್ನು ಕರೆದರು. ಗಡ್ಡ ಬಿಟ್ಟಿದ್ದರು.

"ನನಗೆ ಹೋಗಿ ಕ್ಷಮೆ ಕೇಳೋಕ್ ಬರಲ್ಲಮ್ಮ. ಬಾಯಿ ತೆಗೆದ್ರೆ ಮತ್ತೆ ಏನಾದ್ರೂ ಹೇಳ್ತೀನಿ. ಒಂದ್ ಹೇಳಿ, ಆ ಮಣ್ಣು ಎಷ್ಟ್ ಹಾಕಿದ್ರೆ ಗಿಡ ತಡ್ಕೊಳತ್ತೆ?"

"ಹಾಕ್ಲೇಬೇಕಾ ಅಂಕಲ್?"

"ಹಾಕ್ದಿದ್ರೆ ಆಯಮ್ಮ ಗಿಡ ಒಳಗೆ ತಗೊಳಲ್ಲ. ಜಾಸ್ತಿ ಹಾಕಿದ್ರೆ ಗಿಡ ಉಳಿಯಲ್ಲ."

ಮೂವತ್ತೊಂದು ವರ್ಷ ಚಿಲ್ಲರೆ ಕೊಡದೆ ಸತಾಯಿಸಿದ ಮನುಷ್ಯ, ಆ ಮೂರು ಚಮಚದ ಒಂದು ಕಣವೂ ಚೆಲ್ಲದ ಹಾಗೆ ಪ್ರಯೋಗ ಮಾಡಿದರು. ಎರಡು ಚಮಚ ಹಾಕಿದ್ದು ಸರಿ ಬರಲಿಲ್ಲವೆಂದು ಬೇರ್ಪಡಿಸಿದರು, ಮತ್ತೆ ಒಣಗಿಸಿದರು. ಕೊನೆಗೆ ಹತ್ತು ಚಮಚ ಕಿಟ್ಟ ಮತ್ತು ಇಟ್ಟಿಗೆ ಚೂರಿಗೆ ಒಂದು ಚಮಚ ಹೊಲದ ಮಣ್ಣು ಅಂತ ತೀರ್ಮಾನವಾಯಿತು. ಅಷ್ಟು ಹೊತ್ತಿಗೆ ರೂಪಾ ಮಾತು ಬಿಟ್ಟು ಹದಿನೆಂಟು ದಿನ.

ಒಂದು ಭಾನುವಾರ ನಾವಿಬ್ಬರೇ ಬಸ್ಸಿನಲ್ಲಿ ಹೋದೆವು. ಆಂಟಿಗೂ ಹೇಳಲಿಲ್ಲ. ಅಂಕಲ್ ತೊಡೆಯ ಮೇಲೆ ಮಣ್ಣಿನ ಕುಂಡ, ತಳದಲ್ಲಿ ಮೂರು ತೂತು, ಮೇಲೆ ಆರು ಎಲೆಯ ಚಿಕ್ಕ ಕೊಂಬೆ. ಟಿಕೆಟ್ ಕೊಡಲು ಬಂದ ಕಂಡಕ್ಟರಿಗೆ, ಕುಂಡಕ್ಕೂ ಒಂದು ಹರಿಯಿರಿ ಅಂದರು. ಅವನು ನನ್ನ ಮುಖ ನೋಡಿದ.

ಗೌರಮ್ಮ ಗೇಟಿಗೆ ಬಂದರು, ಆದರೆ ತೆಗೆಯಲಿಲ್ಲ. ಗೇಟಿನ ಸರಳುಗಳ ಆಚೆ ಅವರು, ಈಚೆ ನಾವು.

"ಏನು?"

ಅಂಕಲ್ ಕುಂಡವನ್ನು ಸರಳಿನ ಮೇಲೆ ಎತ್ತಿ ಹಿಡಿದರು. "ಬದುಕಿದೆ. ನಿಮ್ ಹೊಲದ್ ಮಣ್ಣು ಒಂದ್ ಚಮಚ ಹಾಕಿದೀನಿ."

"ಒಂದೇ ಚಮಚಾನಾ?"

"ಅದಕ್ಕೆ ಅಷ್ಟೇ ತಡ್ಕೊಳೋ ಶಕ್ತಿ ಇರೋದು. ಮಿಕ್ಕಿದ್ದು ಇಲ್ಲಿದೆ, ವಾಪಸ್ ತಂದಿದೀನಿ." ಅಂಗಿ ಜೇಬಿನಿಂದ ಒಂದು ಸಣ್ಣ ಬಟ್ಟೆಯ ಗಂಟು ತೆಗೆದರು. "ಕರ್ಚೀಫಲ್ಲಿ ಬಂದ್ಬಿಟ್ಟಿತ್ತು. ಎರಡ್ ಚಮಚ ಇದೆ. ಚೆಲ್ಲಿಲ್ಲ."

ಗೌರಮ್ಮ ಗಂಟು ಬಿಚ್ಚಿ ನೋಡಿದರು. ನುಣ್ಣಗೆ ಪುಡಿ ಮಾಡಿ, ಕಸ ಆರಿಸಿ, ವಿಭೂತಿಯ ಹಾಗೆ ಕಟ್ಟಿತ್ತು. ಮತ್ತೆ ಬಿಗಿಯಾಗಿ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಹರೀಶ ನನ್ ಜೊತೆ ಮಾತಾಡಿ ಹದಿನೈದ್ ದಿನಕ್ ಮೇಲಾಯ್ತು," ಅಂದರು.

"ನಮ್ಮನೇಲೂ ಅದೇ."

"ಊಟಕ್ ಕೂತ್ರೆ ಫೋನ್ ನೋಡ್ಕೊಂಡ್ ತಿಂದು ಎದ್ದೋಯ್ತಾನೆ."

"ನಮ್ಮೋಳು ನಾನ್ ಬಂದ್ರೆ ತಟ್ಟೆ ಎತ್ಕೊಂಡ್ ರೂಮಿಗ್ ಹೋಗ್ತಾಳೆ."

ಗೌರಮ್ಮ ಗೇಟಿನ ಚಿಲಕ ತೆಗೆದು ಕುಂಡವನ್ನು ಒಳಗೆ ತೆಗೆದುಕೊಂಡರು. ಸದ್ಯ ಮುಗಿಯಿತು ಅಂತ ನಾನು ಉಸಿರು ಬಿಡುವಷ್ಟರಲ್ಲಿ ಅಂಕಲ್ ಬಾಯಿ ತೆಗೆದರು.

"ನೋಡಿ ಅಕ್ಕಾ, ಹೆಣ್ ಮಕ್ಳೂ ಈ ಗಿಡದ್ ತರಾನೇ. ಬೇರೆ ಮನೆಗ್ ಬಂದಾಗ ಒಂದೇ ಸಲ ಎಲ್ಲಾ ಸುರಿಬಾರ್ದು, ಸ್ವಲ್ಪ ಸ್ವಲ್ಪಾನೇ..."

"ಸಾಕ್ ಸುಮ್ನಿರಣ್ಣ," ಅಂದರು ಗೌರಮ್ಮ. "ಗಿಡದ್ ಮಾತು ಗಿಡಕ್ಕೆ. ನನ್ ಸೊಸೆ ಊಟ ಮಾಡ್ತಾಳೆ ತಾನೇ?"

ಅಂಕಲ್ ಎಡಗೈಯಲ್ಲಿ ಇಲ್ಲದ ನೋಟುಗಳನ್ನು ಎರಡು ಸಲ ಮಡಿಸಿದರು. ‘ನನ್ ಸೊಸೆ’ ಅನ್ನುವ ಮಾತಿನೊಳಗೆ ಏನು ಆಗಿಹೋಯಿತು ಅಂತ ಅವರಿಗೆ ತಿಳಿಯಲು ಅಷ್ಟು ಹೊತ್ತು ಬೇಕಾಯಿತು.

"ಚೆನ್ನಾಗ್ ಮಾಡ್ತಾಳೆ ಅಕ್ಕಾ. ನನಗಿಂತ ಜಾಸ್ತಿ ಮಾಡ್ತಾಳೆ."

"ಫೋನ್ ಮಾಡ್ಕೊಡಿ."

ಅಂಕಲ್ ಮಾಡಿದರು. ರೂಪಾ ಕಟ್ ಮಾಡಿದಳು. ಮತ್ತೆ ಮಾಡಿದರು, ಮತ್ತೆ ಕಟ್. ನನ್ನ ಫೋನಿನಿಂದ ಮಾಡಿ ಸ್ಪೀಕರ್ ಹಾಕಿ ಗೌರಮ್ಮನ ಕೈಗೆ ಕೊಟ್ಟೆ.

"ಹೇಳಿ ಅಕ್ಕಾ," ಅಂದಿತು ರೂಪಾಳ ಬತ್ತಿದ ದನಿ.

"ಏನಮ್ಮಾ, ಮುದ್ದೆ ನುಂಗಾಕ್ ಬತ್ತದಾ?"

ಆ ಕಡೆ ಯಾವುದೋ ಬಾಗಿಲು ಮುಚ್ಚಿದ ಸಪ್ಪಳ.

"ಬರುತ್ತೆ ಆಂಟಿ."

"ಆಂಟಿ ಅಲ್ಲ. ಅತ್ತೆ ಅನ್ನು."

ಆಮೇಲೆ ರೂಪಾ ಅತ್ತಳೋ ನಕ್ಕಳೋ ಸ್ಪೀಕರಿನಲ್ಲಿ ಸರಿಯಾಗಿ ಗೊತ್ತಾಗಲಿಲ್ಲ. ಗೌರಮ್ಮ ಒಂದು ಕೈಯಲ್ಲಿ ಫೋನ್, ಇನ್ನೊಂದರಲ್ಲಿ ಕುಂಡ ಹಿಡಿದುಕೊಂಡೇ ಮೆಟ್ಟಿಲು ಹತ್ತಿ, ಹರೀಶನನ್ನು ಕೂಗುತ್ತಾ ಒಳಗೆ ಹೋದರು. ತಿರುಗಿ ನೋಡಿದರೆ ಅಂಕಲ್ ಪಕ್ಕದಲ್ಲಿಲ್ಲ. ಕಾಂಪೌಂಡಿನ ಮೂಲೆಯಲ್ಲಿ, ಸಾಲಾಗಿ ಇಟ್ಟಿದ್ದ ದಾಸವಾಳದ ಕುಂಡಗಳ ಎದುರು, ನನಗೆ ಬೆನ್ನು ಹಾಕಿ ಬಗ್ಗಿ ನಿಂತಿದ್ದರು. ಅಯ್ಯೋ, ಮತ್ತೆ ಶುರುವಾಯಿತಲ್ಲ, ಇಲ್ಲೂ ಏನೋ ಕೀಳುತ್ತಾರೆ ಅಂತ ಓಡಿ ಹೋಗಿ ತೋಳು ಹಿಡಿದೆ.

ಅವರು ಮಣ್ಣು ನೋಡುತ್ತಿರಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಿದ್ದರು. ಒರೆಸಿದಷ್ಟೂ ಅದು ಮತ್ತೆ ಒದ್ದೆಯಾಗುತ್ತಿತ್ತು.